ಡಬ್ಬಿಯ ಹಿಂಬದಿಯ ಕನ್ನಡ

ಯಡಿಯೂರು ಕೆರೆಯ ಕಡೆಯಿಂದ ಸೌತ್ ಎಂಡ್ ಸರ್ಕಲ್ಲಿಗೆ ನಡೆದು ಬಂದರೆ ‘ಕೆಮಿಕಲ್ ಇಲ್ಲ’ ಎಂದು ಹೇಳಿಕೊಳ್ಳುವ ಸೋಪು, ಕ್ರೀಮುಗಳು ಅಂಗಡಿ ಅಂಗಡಿಯಲ್ಲೂ ಸಿಗುತ್ತವೆ. ನನ್ನ ಜಗಳ ಇರುವುದು ಆ ಎರಡು ಪದಗಳ ಜೊತೆ. ನೀರೂ ಕೆಮಿಕಲ್ಲೇ ತಾನೆ? ಅದೂ ಇಲ್ಲವೆಂದಾದರೆ ಡಬ್ಬಿಯೊಳಗೆ ಇರುವುದಾದರೂ ಏನು?

ಗ್ಲಿಸರಿನ್ನನ್ನೇ ನೋಡಿ. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿದಾಗ ಸೋಪಿನ ಜೊತೆಗೇ ಹುಟ್ಟುವ ವಸ್ತು ಅದು. 1916ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ತೆರೆದ ನಾಡಿಗೆ ಇದು ಹೊಸದೇನಲ್ಲ. ಅದರ ಗುಣ ಒಂದೇ, ನೀರನ್ನು ತನ್ನತ್ತ ಸೆಳೆದು ಹಿಡಿದಿಡುವುದು. ಗಾಳಿ ಒಣಗಿರುವ ಫೆಬ್ರವರಿಯಲ್ಲಿ ಬರೀ ಗ್ಲಿಸರಿನ್ ಹಚ್ಚಿದರೆ ಅದು ಚರ್ಮದ ಒಳಪದರದ ನೀರನ್ನೇ ಎಳೆಯಬಹುದು. ಅದಕ್ಕೇ ನಮ್ಮತ್ತೆ ಅದಕ್ಕೆ ರೋಸ್ ವಾಟರ್ ಬೆರೆಸಿ, ಒದ್ದೆ ಕಾಲಿಗೆ ಹಚ್ಚಿ, ಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ನೀರು ಹಿಡಿಯಲು ಒಂದು, ಹಿಡಿದದ್ದು ಆರದಂತೆ ಮುಚ್ಚಲು ಇನ್ನೊಂದು. ಸಾವಿರ ರೂಪಾಯಿಯ ಡಬ್ಬಿಯೂ ಬಹುಮಟ್ಟಿಗೆ ಮಾಡುವುದು ಇಷ್ಟೇ.

ಯೂರಿಯಾ ಎಂದರಂತೂ ಜನ ಬೆಚ್ಚುತ್ತಾರೆ. “ಗದ್ದೆಗೆ ಹಾಕೋದನ್ನ ಕಾಲಿಗೆ ಹಚ್ಚೋದಾ?” ಎನ್ನುತ್ತಾರೆ. ನಮ್ಮ ಚರ್ಮ ತೇವ ಉಳಿಸಿಕೊಳ್ಳಲು ಬಳಸುವ ಸ್ವಂತ ಸಾಮಗ್ರಿಯಲ್ಲೇ ಯೂರಿಯಾ ಇದೆ. ಒಡೆದ ಹಿಮ್ಮಡಿಗೆ ಚರ್ಮದ ವೈದ್ಯರು ಯೂರಿಯಾ ಕ್ರೀಮು ಬರೆದುಕೊಡುವುದು ಅದಕ್ಕೇ. ಹಸಿ ಗಾಯಕ್ಕೆ ತಾಕಿದರೆ ಉರಿಯುತ್ತದೆ, ಅದೂ ನಿಜ.

ಹೆದರಬೇಕಾದದ್ದು ಬೇರೆ ಇದೆ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಕೊಟ್ಟ 14 ರೋಗಿಗಳು ಸತ್ತರು. ಕೊಂದದ್ದು ಗ್ಲಿಸರಿನ್ ಅಲ್ಲ, ಅದರಲ್ಲಿ ಬೆರೆತಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಬೆಳಕಿಗೆ ಬಂದವು, ಕ್ರೀಮಿನಲ್ಲಿದ್ದದ್ದು ಪಾದರಸ. ಹೀಗಿರುವಾಗ ಕೇಳಬೇಕಾದದ್ದು ಕೆಮಿಕಲ್ ಇದೆಯೇ ಎಂದಲ್ಲ. ಯಾವುದಿದೆ, ಎಷ್ಟಿದೆ, ಪರೀಕ್ಷೆ ಮಾಡಿದವರು ಯಾರು ಎಂದು.

ಕೇಳುವುದು ಹೇಗೆ? ಉತ್ತರ ಡಬ್ಬಿಯ ಹಿಂಬದಿಯಲ್ಲಿ, ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿದೆ. ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಆಮೇಲೆ, ಇದು ಆ ಪಟ್ಟಿಯ ಕ್ರಮ. ನೀರಿನ ಬೆನ್ನಿಗೇ ಗ್ಲಿಸರಿನ್ ಇದ್ದರೆ ಅದು ಕೆಲಸಕ್ಕೆ ಇದೆ ಎಂದರ್ಥ. ಸುಗಂಧದ ನಂತರ ಎಲ್ಲೋ ಕೊನೆಗಿದ್ದರೆ ಅದಿರುವುದು ಜಾಹೀರಾತಿಗೆ. ಕನ್ನಡದ ಕಾದಂಬರಿಗಳನ್ನು ಓದಿ ಅರಗಿಸಿಕೊಂಡ ನಮ್ಮತ್ತೆಗೆ ಈ ನಾಲ್ಕು ಸಾಲು ಓದಲಾಗದು. ಪೊಟ್ಟಣದ ಸರಕಿನ ಕೇಂದ್ರ ನಿಯಮಕ್ಕೆ ಹಿಂದಿ ಅಥವಾ ಇಂಗ್ಲಿಷ್ ಇದ್ದರೆ ಸಾಕು. ನಮ್ಮದೇ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ರಾಜ್ಯದಲ್ಲಿ ತಯಾರಾದ ಸರಕಿನ ಹೆಸರು, ಬಳಕೆಯ ಸೂಚನೆಗಳ ಮಾತಾಡುತ್ತದೆ. ಒಳಗೇನಿದೆ ಎಂಬುದರ ಮಾತಾಡುವುದಿಲ್ಲ. ಅಂಗಡಿಯ ಬೋರ್ಡಿನಲ್ಲಿ ಶೇ 60 ಕನ್ನಡ ಬೇಕೆಂದು ಬೀದಿಗಿಳಿದೆವು, ಸರಿಯೇ. ಅದೇ ಅಂಗಡಿಯೊಳಗೆ ಮೈಗೆ ಹಚ್ಚುವುದರ ವಿವರ ಕೇಳಲು ನಮಗೆ ಹೊಳೆಯಲೇ ಇಲ್ಲ. ಓದಲಾಗದ ಪಟ್ಟಿ ಹುಟ್ಟಿಸುವ ಆ ಅಂಜಿಕೆಯನ್ನೇ ‘ಕೆಮಿಕಲ್ ಇಲ್ಲ’ ಎನ್ನುವವರು ದುಡ್ಡು ಮಾಡಿಕೊಳ್ಳುತ್ತಿದ್ದಾರೆ.

ಕನ್ನಡದಲ್ಲಿ ಅದಕ್ಕೆಲ್ಲ ಪದಗಳೆಲ್ಲಿವೆ ಎಂದು ಯಾರಾದರೂ ತಗಾದೆ ತೆಗೆಯಬಹುದು. ಹೊಸ ಪದ ಟಂಕಿಸುವ ಸಮಿತಿಯೇನೂ ಬೇಡ. ಗ್ಲಿಸರಿನ್ ಎಂದು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ‘ತೇವ ಹಿಡಿಯಲು’ ಎಂದು ಸೇರಿಸಿದರೆ ಸಾಕು.