ದರವೂ ತಿಳಿದಿರಲಿ, ಹೊಣೆಯೂ ತಿಳಿದಿರಲಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕುಟುಂಬಗಳಿಗೆ ಬೆಂಗಳೂರು ಈಗ ದೂರದ ಊರಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ, ಹಿರಿಯರ ಚಿಕಿತ್ಸೆಗೆ, ಮದುವೆಯ ಜವಳಿಗೆ ಅಲ್ಲಿಗೆ ಹೋಗಿಬರುವುದು ವಾಡಿಕೆಯಾಗಿದೆ. ಬಸ್ಸು, ರೈಲುಗಳಿಂದ ಇಳಿದವರು ಮೊಬೈಲ್ ಆ್ಯಪ್ ಮೂಲಕ ಆಟೋ ಅಥವಾ ಕಾರನ್ನು ಕರೆಸಿಕೊಳ್ಳುವುದೂ ಹಾಗೆಯೇ. ಜನರು ಈ ವ್ಯವಸ್ಥೆಯನ್ನು ಒಪ್ಪಿದ್ದೇಕೆ? ಚೌಕಾಸಿಯಿಲ್ಲದೆ, ಹತ್ತುವ ಮೊದಲೇ ದರ ತಿಳಿಯುತ್ತದೆ. ಚಾಲಕನ ಹೆಸರನ್ನೂ ವಾಹನದ ಸಂಖ್ಯೆಯನ್ನೂ ಮನೆಯವರಿಗೆ ತಿಳಿಸಬಹುದು. ಒಂಟಿಯಾಗಿ ಸಂಚರಿಸುವ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇದು ಸಣ್ಣ ಸಮಾಧಾನವಲ್ಲ.

ಆದರೆ ಜನರು ಒಪ್ಪಿದ ಮಾತ್ರಕ್ಕೆ ಕಾನೂನು ಬೇಡವೆಂದಾಗದು. ಇಂತಹ ಸಂಸ್ಥೆಗಳು ಪರವಾನಗಿ ಪಡೆಯಬೇಕೆಂದು ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಯಮ ರೂಪಿಸಿತು. 2022ರಲ್ಲಿ ಬೆಂಗಳೂರಿನಲ್ಲಿ ಆಟೋಗಳಿಗೆ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ ನಿಗದಿಯಾಗಿದ್ದರೂ, ಆ್ಯಪ್‌ಗಳಲ್ಲಿ ಕನಿಷ್ಠ 100 ರೂಪಾಯಿ ವಸೂಲಾಗುತ್ತಿದೆಯೆಂಬ ದೂರುಗಳು ಬಂದವು. ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆಯು ಆ ಸೇವೆಯನ್ನೇ ನಿಲ್ಲಿಸಲು ಸೂಚಿಸಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ನವೆಂಬರಿನಲ್ಲಿ ಸರ್ಕಾರವು ನಿಗದಿತ ದರದ ಮೇಲೆ ಶೇಕಡಾ 5ರಷ್ಟು ಸೇವಾಶುಲ್ಕ ಹಾಗೂ ತೆರಿಗೆಗೆ ಮಾತ್ರ ಅವಕಾಶ ನೀಡಿತು. 2024ರ ಫೆಬ್ರವರಿಯಲ್ಲಿ ಟ್ಯಾಕ್ಸಿಗಳಿಗೂ ಏಕರೂಪದ ದರ ಬಂದಿತು. ಹತ್ತು ಲಕ್ಷ ರೂಪಾಯಿವರೆಗಿನ ಬೆಲೆಯ ಕಾರಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 24 ರೂಪಾಯಿ. ಆ ಲೆಕ್ಕದಲ್ಲಿ ಹತ್ತು ಕಿಲೋಮೀಟರಿಗೆ ತೆರಿಗೆಯ ಹೊರತು 244 ರೂಪಾಯಿ. ಮನೆಯ ಗೃಹಿಣಿಯೂ ಬೆರಳೆಣಿಸಿ ತಿಳಿಯಬಹುದಾದ ಲೆಕ್ಕವೇ ನ್ಯಾಯದ ಮೊದಲ ಮೆಟ್ಟಿಲೆಂದು ನಾವು ಭಾವಿಸುತ್ತೇವೆ.

ಹಾಗೆಂದು ಚಾಲಕನನ್ನು ದೂರುವುದು ಸಲ್ಲದು. ನಾವು ಕೊಟ್ಟ ಹಣವೆಲ್ಲ ಅವನ ಕೈ ಸೇರುವುದಿಲ್ಲ. ಸಂಸ್ಥೆಯ ಕಮಿಷನ್, ಸಾಲದ ಕಂತು, ಇಂಧನ ಕಳೆದು ಉಳಿದುದರಲ್ಲಿ ಅವನ ಸಂಸಾರ ಸಾಗಬೇಕು. 2022ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಕಮಿಷನ್ ಇಲ್ಲದೆಯೂ ಆ್ಯಪ್ ನಡೆಸಬಹುದೆಂದು ತೋರಿಸಿತು. 2025ರಲ್ಲಿ ರಾಜ್ಯವು ಇಂತಹ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದು, ಸಂಸ್ಥೆಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ದಾರಿ ಮಾಡಿತು. ಇದು ಸ್ವಾಗತಾರ್ಹ.

ಬೆಂಗಳೂರಿನ ಈ ಅನುಭವದಿಂದ ನಮ್ಮ ತಾಲ್ಲೂಕುಗಳು ಕಲಿಯಬೇಕಾದುದಿದೆ. ರಾತ್ರಿಯ ಬಸ್ಸಿನಿಂದ ಶ್ರೀನಿವಾಸಪುರದಲ್ಲಿ ಇಳಿಯುವ ವೃದ್ಧೆಯ ಬಳಿ ಮೊಬೈಲ್ ಇಲ್ಲದಿರಬಹುದು. ನ್ಯಾಯವಾದ ದರ ಆಕೆಗೂ ಸಲ್ಲಬೇಕಷ್ಟೆ? ಜಿಲ್ಲೆಯಲ್ಲಿ ಆಟೋ ದರ ನಿಗದಿಪಡಿಸುವ ಅಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರಕ್ಕಿದೆ. ಆ ದರವನ್ನೂ ದೂರು ಸಲ್ಲಿಸಬೇಕಾದ ಕಚೇರಿಯ ದೂರವಾಣಿ ಸಂಖ್ಯೆಯನ್ನೂ ನಾಲ್ಕೂ ಊರುಗಳ ಬಸ್ ನಿಲ್ದಾಣಗಳಲ್ಲಿ ದಪ್ಪಕ್ಷರದ ಕನ್ನಡದಲ್ಲಿ ಬರೆಸಬೇಕು. ಇದಕ್ಕೆ ಬೇಕಾದುದು ಒಂದು ಫಲಕ ಮತ್ತು ಸ್ವಲ್ಪ ಇಚ್ಛಾಶಕ್ತಿ.

ಓದುಗ ಬಂಧುಗಳೂ ತಮ್ಮ ಕರ್ತವ್ಯ ಮರೆಯಬಾರದು. ಹತ್ತುವ ಮುನ್ನ ವಾಹನದ ಸಂಖ್ಯೆಯನ್ನು ತಾಳೆ ನೋಡಿರಿ, ರಸೀದಿಯನ್ನು ಉಳಿಸಿಕೊಳ್ಳಿರಿ, ಅನ್ಯಾಯವಾದರೆ ಲಿಖಿತ ದೂರು ನೀಡಿರಿ. ದುಡಿದು ಉಣ್ಣುವ ಚಾಲಕನೊಡನೆ ಮರ್ಯಾದೆಯಿಂದ ಮಾತನಾಡಿರಿ. ಕೇಳುವ ಜನರಿದ್ದಲ್ಲಿ ಮಾತ್ರ ಕಾನೂನು ಕಾಗದದಿಂದ ರಸ್ತೆಗೆ ಇಳಿಯುತ್ತದೆ.