‘ಸರ್ವರ್ ಡೌನ್’ ಆದರೆ ಹೊಣೆ ಯಾರದು? ಸಕ್ರೆಬೈಲಿನಿಂದ ಒಂದು ಪ್ರಶ್ನೆ

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಜೊತೆ ಶಿವಮೊಗ್ಗದ ಒಂದು ಸೇವಾ ಕೇಂದ್ರಕ್ಕೆ ಹೋಗಿದ್ದೆ. ಸೊಸೈಟಿಯಲ್ಲಿ ಬೆಳೆಸಾಲ ನವೀಕರಣ ಆಗಬೇಕಿತ್ತು, ಅದಕ್ಕೆ ಇಸಿ ಬೇಕಿತ್ತು. ಅಪ್ಪನಿಗೆ ಅದು ಮೂರನೇ ಓಡಾಟ. ಸಕ್ರೆಬೈಲಿನಿಂದ ಶಿವಮೊಗ್ಗ ದೂರವೇನಲ್ಲ, ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್ ಅಷ್ಟೆ. ಆದರೆ ಮೂರು ಸಲ ಹೋಗಿಬರೋದು ಅಂದ್ರೆ ಮೂರು ದಿನದ ತೋಟದ ಕೆಲಸ ಹೋದ ಹಾಗೆ. ಕಂಪ್ಯೂಟರ್ ಮುಂದಿದ್ದ ಹುಡುಗಿ ತಲೆ ಎತ್ತದೆ ಹೇಳಿದಳು: “ಸರ್ವರ್ ಇಲ್ಲ ಅಣ್ಣ, ನಾಳೆ ನೋಡಿ.”

ಅವಳ ತಪ್ಪಿಲ್ಲ. ಬೆಳಿಗ್ಗೆಯಿಂದ ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೋ. ಅಪ್ಪ ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದರು: “ನೀನು ಬೆಂಗಳೂರಲ್ಲಿ ಸರ್ವರ್ ನೋಡ್ಕೊಳೋ ಕೆಲಸ ಮಾಡದು ಅಲ್ವೇನೋ? ಈ ಸರ್ವರ್ ಇಲ್ಲ ಅಂದ್ರೆ ಎಂತ? ಎಲ್ಲಿ ಹೋಗಿರ್ತದೆ ಅದು?”

ತಮಾಷೆಗೆ ಕೇಳಿದ್ದಲ್ಲ. ಸರಿಯಾದ ಉತ್ತರ ಆಗ ನನ್ನ ಬಾಯಿಗೆ ಬರಲಿಲ್ಲ. ಈ ಲೇಖನ ಆ ಉತ್ತರ.

ಬಿಡಾರದ ಲೆಕ್ಕ

ಮೊದಲು, ಸರ್ವರ್ ಅಂದರೆ ಈಗ ಒಂದು ಡಬ್ಬಿ ಅಲ್ಲ. ಡೇಟಾ ಸೆಂಟರಿನಲ್ಲಿರುವ ಒಂದು ದೊಡ್ಡ ಯಂತ್ರವನ್ನು ಸಾಫ್ಟ್‌ವೇರ್ ಮೂಲಕ ಹತ್ತಿಪ್ಪತ್ತು ಯಂತ್ರಗಳಾಗಿ ವಿಂಗಡಿಸುತ್ತಾರೆ. ಒಂದೊಂದೂ ತಾನು ಪ್ರತ್ಯೇಕ ಕಂಪ್ಯೂಟರ್ ಎಂಬಂತೆ ನಡೆದುಕೊಳ್ಳುತ್ತದೆ. ಇವೇ ವರ್ಚುವಲ್ ಮಷೀನ್‌ಗಳು. ಒಂದು ಪೋರ್ಟಲ್ ಹಿಂದೆ ಇಂಥವು ಹತ್ತಾರು ಇರುತ್ತವೆ: ಒಂದು ಪುಟ ತೋರಿಸುತ್ತೆ, ಒಂದು ಓಟಿಪಿ ಕಳಿಸುತ್ತೆ, ಒಂದು ಕಡತ ಹುಡುಕುತ್ತೆ. ಇವುಗಳಲ್ಲಿ ಒಂದು ಮಲಗಿದರೂ ಕೌಂಟರಿನಲ್ಲಿ ಕೇಳಿಸೋದು ಒಂದೇ ವಾಕ್ಯ.

ಮಲಗೋದು ಯಾಕೆ? ಬಹಳ ಸಲ ಕಾರಣಗಳು ತೀರಾ ಸಾಮಾನ್ಯ. ಡಿಸ್ಕ್ ತುಂಬಿರುತ್ತೆ. ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತೆ. ಅಪ್‌ಡೇಟಿಗೆ ಮುಂಚೆ ತೆಗೆದ ಸ್ನ್ಯಾಪ್‌ಶಾಟನ್ನು ಅಳಿಸಲು ಯಾರೋ ಮರೆತಿರುತ್ತಾರೆ, ಅದು ಬೆಳೆದು ಬೆಳೆದು ಜಾಗವನ್ನೆಲ್ಲ ನುಂಗಿರುತ್ತೆ. ಇದನ್ನೆಲ್ಲ ಕೈಯಲ್ಲಿ ನೋಡಿಕೊಳ್ಳಲು ಆಗಲ್ಲ. ಒಂದು ಮಷೀನಿಗೆ 15 ನಿಮಿಷ ಅಂದುಕೊಂಡರೂ 300 ಮಷೀನಿಗೆ 75 ಗಂಟೆ ಬೇಕು. ಆಮೇಲೆ ಮುಂದಿನ ಅಪ್‌ಡೇಟ್ ಬಂದು ಕೂತಿರುತ್ತೆ.

ಅದಕ್ಕೇ ಸ್ಕ್ರಿಪ್ಟ್ ಬರೆಯೋದು. ‘ಪ್ರತಿ ರಾತ್ರಿ ಎಲ್ಲ ಮಷೀನ್ ನೋಡು, ಜಾಗ ಶೇ 80 ತುಂಬಿದ್ರೆ ಎಚ್ಚರಿಸು, ಸ್ನ್ಯಾಪ್‌ಶಾಟ್ ಮೂರು ದಿನಕ್ಕಿಂತ ಹಳೇದಾದ್ರೆ ಪಟ್ಟಿ ಕೊಡು, ಅಪ್‌ಡೇಟನ್ನು ಒಮ್ಮೆಗೆ ಐದು ಮಷೀನಿಗೆ ಹಾಕು, ಅವು ಎದ್ದು ನಿಂತ ಮೇಲಷ್ಟೇ ಮುಂದಿನ ಐದು’ ಅಂತ ಒಮ್ಮೆ ಬರೆದಿಟ್ಟರೆ, ಅದು ದಿನಾ ಬೇಸರವಿಲ್ಲದೆ ಮಾಡುತ್ತೆ. ವಿಎಂವೇರ್‌ನವರ ಪವರ್‌ಸಿಎಲ್ಐ, ರೆಡ್‌ಹ್ಯಾಟ್‌ನ ಆನ್ಸಿಬಲ್, ಟೆರಾಫಾರ್ಮ್ ಇವೆಲ್ಲ ಇಂಥ ಕೆಲಸದ ಸಾಧನಗಳು.

ನಮ್ಮ ವೃತ್ತಿಯಲ್ಲಿ ಒಂದು ಹಳೇ ಮಾತಿದೆ. ಸರ್ವರನ್ನು ಮುದ್ದಿನ ಸಾಕುಪ್ರಾಣಿ ಥರ ಸಾಕಬೇಡಿ, ದನದ ಮಂದೆ ಥರ ನೋಡಿ, ಒಂದು ಹೋದರೆ ಇನ್ನೊಂದು ತನ್ನಿ ಅಂತ. ದನಕ್ಕೂ ಹೆಸರಿಟ್ಟು ಕರೆಯೋ ಮಲೆನಾಡಿನಲ್ಲಿ ಈ ಹೋಲಿಕೆ ಸರಿ ಕೂರಲ್ಲ. ಹಾಗಾಗಿ ನಾನು ಸಕ್ರೆಬೈಲಿನ ಬಿಡಾರವನ್ನೇ ಉದಾಹರಣೆ ಕೊಡ್ತೀನಿ. ಅಲ್ಲಿ ಪ್ರತಿ ಆನೆಗೂ ಹೆಸರಿದೆ, ಮಾವುತ ಇದ್ದಾನೆ, ಕಾವಾಡಿ ಇದ್ದಾನೆ. ರಾತ್ರಿ ಕಾಡಿಗೆ ಬಿಟ್ಟ ಆನೆ ಎಲ್ಲಿ ಮೇಯುತ್ತೆ, ಯಾವಾಗ ಮುನಿಸಿಕೊಳ್ಳುತ್ತೆ ಅನ್ನೋದು ಅವರ ತಲೆಯಲ್ಲಿರುತ್ತೆ. ಆ ಮಾವುತ ನಿವೃತ್ತನಾದರೆ ಹೊಸಬನಿಗೆ ಹೊಂದಿಕೊಳ್ಳಲು ಆನೆಗೂ ಸಮಯ ಬೇಕು. ಜೀವ ಇರುವ ಆನೆಗೆ ಇದೇ ಸರಿ. ಅದನ್ನು ಹಾಗೇ ಸಾಕಬೇಕು.

ಆದರೆ ಸಾರ್ವಜನಿಕ ಸೇವೆಯ ಸರ್ವರನ್ನು ಹಾಗೆ ಸಾಕಬಾರದು. ‘ಆ ಮಷೀನ್ ಬಗ್ಗೆ ಅವನೊಬ್ಬನಿಗೇ ಗೊತ್ತು’ ಅನ್ನುವಂಥ ಒಬ್ಬ ಆಪರೇಟರ್ ಎಲ್ಲ ಕಡೆ ಇರ್ತಾನೆ. ಬಹುಪಾಲು ಅವನು ಹೊರಗುತ್ತಿಗೆಯವ. ಗುತ್ತಿಗೆ ಮುಗಿದ ದಿನ ಅವನ ಜೊತೆ ಜ್ಞಾನವೂ ಹೊರಗೆ ನಡೆಯುತ್ತೆ. ಸ್ಕ್ರಿಪ್ಟಿನ ನಿಜವಾದ ಬೆಲೆ ಇಲ್ಲಿದೆ. ವೇಗ ಒಂದು ಲಾಭ, ಸರಿ. ಅದಕ್ಕಿಂತ ದೊಡ್ಡದು, ಒಬ್ಬನ ತಲೆಯಲ್ಲಿರೋದು ಬರಹಕ್ಕೆ ಬರುತ್ತೆ, ಇನ್ನೊಬ್ಬರು ಓದಿ ಪ್ರಶ್ನೆ ಕೇಳಬಹುದು.

ಅದೇ ಕತ್ತಿ, ಬೇರೆ ಕೈ

ಆಟೊಮೇಷನ್ ಅಂದರೆ ಎಲ್ಲದಕ್ಕೂ ಮದ್ದು ಅಂತ ನಾನು ಹೇಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಂಪನಿಯಲ್ಲಿ ನಾನೇ ಒಂದು ಅನಾಹುತ ಮಾಡಿದ್ದೆ. ವಾರಾಂತ್ಯದಲ್ಲಿ ಬಳಕೆ ಇಲ್ಲದ ಪರೀಕ್ಷಾ ಮಷೀನ್‌ಗಳನ್ನು ಆರಿಸಲು, ಹೆಸರಿನಲ್ಲಿ ‘ಟೆಸ್ಟ್’ ಇರೋದನ್ನೆಲ್ಲ ನಿಲ್ಲಿಸು ಅಂತ ಸ್ಕ್ರಿಪ್ಟ್ ಬರೆದೆ. ಗ್ರಾಹಕರು ಬಳಸ್ತಿದ್ದ ಒಂದು ಮಷೀನಿನ ಹೆಸರಿನಲ್ಲಿ ‘ಲೇಟೆಸ್ಟ್’ ಅಂತ ಇತ್ತು. ‘ಲೇಟೆಸ್ಟ್’ ಒಳಗೂ ‘ಟೆಸ್ಟ್’ ಇದೆಯಲ್ಲ! ಶುಕ್ರವಾರ ರಾತ್ರಿ ಅದೂ ಆರಿಹೋಯ್ತು. ‘ಮಾಡಬೇಡ, ಮಾಡಿದ್ರೆ ಏನಾಗುತ್ತೆ ಅಂತ ಮೊದಲು ಹೇಳು’ ಅನ್ನುವ ಒಣ ಓಟದ ಸೌಲಭ್ಯ ಆ ಸಾಧನದಲ್ಲೇ ಇತ್ತು. ನಾನು ಬಳಸಿರಲಿಲ್ಲ, ನನ್ನ ಸ್ಕ್ರಿಪ್ಟನ್ನು ಇನ್ನೊಬ್ಬರು ಓದಿಯೂ ಇರಲಿಲ್ಲ.

ದೊಡ್ಡವರೂ ಎಡವಿದ್ದಾರೆ. 2017ರ ಫೆಬ್ರವರಿ 28ರಂದು ಅಮೆಜಾನಿನ ಎಂಜಿನಿಯರ್ ಒಬ್ಬರು ಕೆಲವೇ ಸರ್ವರ್ ತೆಗೆಯಲು ಕೊಟ್ಟ ಆದೇಶದಲ್ಲಿ ತಪ್ಪು ಟೈಪಾಗಿ, ಬೇಕಿದ್ದಕ್ಕಿಂತ ಬಹಳ ಹೆಚ್ಚು ಸರ್ವರ್ ಹೊರಬಿದ್ದು ಅರ್ಧ ಇಂಟರ್ನೆಟ್ ಗಂಟೆಗಟ್ಟಲೆ ಒದ್ದಾಡಿತು. 2025ರ ಅಕ್ಟೋಬರ್ 20ರಂದು ಅದೇ ಅಮೆಜಾನಿನಲ್ಲಿ, ವಿಳಾಸ ದಾಖಲೆಗಳನ್ನು ನೋಡಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆಯ ದೋಷದಿಂದ ಒಂದು ಮುಖ್ಯ ದಾಖಲೆಯೇ ಖಾಲಿಯಾಯಿತು. ಎರಡು ಸಲವೂ ಆ ಕಂಪನಿ ಏನು ತಪ್ಪಾಯಿತು, ಯಾವ ಹೊತ್ತಿಗೆ ಏನಾಯಿತು, ಮುಂದೆ ಏನು ಬದಲಿಸ್ತೀವಿ ಅಂತ ಸಾರ್ವಜನಿಕವಾಗಿ ಬರೆದು ಹಾಕಿತು. ಲಾಭಕ್ಕೆ ದುಡಿಯುವ ಕಂಪನಿ ಗ್ರಾಹಕರಿಗೆ ಕೊಡುವ ಈ ಲೆಕ್ಕವನ್ನು ನಮ್ಮ ಸರ್ಕಾರ ಪ್ರಜೆಗಳಿಗೆ ಯಾಕೆ ಕೊಡಲ್ಲ?

ನಮ್ಮ ರಾಜ್ಯದ ಅನುಭವವನ್ನೇ ನೋಡಿ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾಗಿ ಸೇವಾ ಸಿಂಧು ಕುಸಿದಾಗ, ಕೇಂದ್ರ ಸರ್ಕಾರವೇ ಸರ್ವರ್ ಹ್ಯಾಕ್ ಮಾಡಿದೆ ಅಂತ ಸಚಿವ ಸತೀಶ್ ಜಾರಕಿಹೊಳಿ ಹೇಳಿದರು. ಎರಡು ದಿನ ಟಿವಿಯಲ್ಲಿ ಜಗಳವಾಯ್ತು. ಇಡೀ ರಾಜ್ಯ ಒಂದೇ ವಾರದಲ್ಲಿ ಅರ್ಜಿ ಹಾಕುತ್ತೆ ಅಂತ ಮೊದಲೇ ಗೊತ್ತಿದ್ದಾಗ, ಹೊರೆ ಹೆಚ್ಚಾದಂತೆ ಹೊಸ ಮಷೀನ್‌ಗಳು ತಾವಾಗೇ ಏಳುವ ವ್ಯವಸ್ಥೆ ಇತ್ತಾ ಅಂತ ಯಾವ ಪಕ್ಷವೂ ಕೇಳಲಿಲ್ಲ.

ಕಾವೇರಿ 2.0 ಕಥೆ ಇನ್ನೂ ಗಂಭೀರ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಈ ನೋಂದಣಿ ಪೋರ್ಟಲ್ ಮೇಲೆ ದಾಳಿ ನಡೆಯಿತು. ನಕಲಿ ಖಾತೆಗಳನ್ನು ತೆರೆದು, ಸ್ವಯಂಚಾಲಿತ ಬಾಟ್‌ಗಳಿಂದ ಇಸಿ ಹುಡುಕಾಟದ ಮನವಿಗಳನ್ನು ಸುರಿದರು. ಎರಡೇ ಗಂಟೆಯಲ್ಲಿ 6 ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು ಅಂತ ವರದಿಯಾಯಿತು. ಬೆಂಗಳೂರಿನಲ್ಲಿ ಸೈಬರ್ ಕ್ರೈಂ ಪೊಲೀಸರಿಗೆ ದೂರು ಹೋಯಿತು. ಅಷ್ಟರಲ್ಲಿ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ದಿನಗಟ್ಟಲೆ ಕಾದು ವಾಪಸ್ ಹೋಗಿದ್ದರು. ದಾಳಿಕೋರರ ಕೈಯಲ್ಲಿದ್ದದ್ದೂ ಸ್ಕ್ರಿಪ್ಟೇ. ಆ ಕೈ ರಾತ್ರಿ ಹಗಲು ದಣಿಯದೆ ಕೆಲಸ ಮಾಡುವಾಗ, ಈ ಕಡೆ ಒಬ್ಬ ಮನುಷ್ಯ ಪರದೆ ನೋಡುತ್ತಾ ಕೈಯಲ್ಲಿ ತಡೆಯೋದು ಸಾಧ್ಯವಿಲ್ಲ. ಅಸಹಜ ದಟ್ಟಣೆಯನ್ನು ಕ್ಷಣದಲ್ಲಿ ಗುರುತಿಸಿ ತಡೆಯುವುದನ್ನೂ ಮೊದಲೇ ಬರೆದಿಟ್ಟಿರಬೇಕು.

ತಡಮಾಡಿದರೆ ಎಷ್ಟು ದುಬಾರಿ ಅನ್ನೋದಕ್ಕೆ ಜಗತ್ತಿನಲ್ಲಿ ಉದಾಹರಣೆ ಬೇಕಾದಷ್ಟಿವೆ. 2023ರ ಫೆಬ್ರವರಿಯಲ್ಲಿ ಸಾವಿರಾರು ವಿಎಂವೇರ್ ಸರ್ವರ್‌ಗಳನ್ನು ಒಂದು ಸುಲಿಗೆ ವೈರಸ್ ಲಾಕ್ ಮಾಡಿತು. ಅದು ನುಗ್ಗಿದ ಬಿರುಕಿಗೆ ತೇಪೆ ಎರಡು ವರ್ಷ ಮುಂಚೆಯೇ ಬಂದಿತ್ತು, ಹಾಕಿರಲಿಲ್ಲ ಅಷ್ಟೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು, ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ಬೇರೆಲ್ಲೂ ಪ್ರತಿ ಇಲ್ಲದೆ ಸುಟ್ಟುಹೋಯಿತು. ಡಿಜಿಟಲ್ ಆಡಳಿತದಲ್ಲಿ ಜಗತ್ತಿಗೇ ಮಾದರಿ ಅನಿಸಿಕೊಂಡ ದೇಶ ಅದು.

ಕೀಲಿ ಯಾರ ಬಳಿ ಇದೆ?

ಇನ್ನೊಂದು ಪ್ರಶ್ನೆ ಇದೆ, ಇದು ನೇರ ರಾಜಕೀಯದ್ದು. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರ್‌ನಲ್ಲಿ 69 ಬಿಲಿಯನ್ ಡಾಲರ್ ಕೊಟ್ಟು ವಿಎಂವೇರನ್ನು ಕೊಂಡಿತು. ಕೆಲವೇ ವಾರಗಳಲ್ಲಿ, ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಬಳಸುವ ಲೈಸೆನ್ಸ್ ಮಾರಾಟ ನಿಲ್ಲಿಸಿ ಎಲ್ಲರನ್ನೂ ಚಂದಾ ಪದ್ಧತಿಗೆ ತಂದಿತು. ಬಿಲ್ ಹಲವು ಪಟ್ಟು ಏರಿದೆ ಅಂತ ಯುರೋಪಿನ ಕ್ಲೌಡ್ ಕಂಪನಿಗಳ ಸಂಘಟನೆ ದೂರು ಕೊಟ್ಟಿತು. ಬಿಟ್ಟು ಹೋಗಬಹುದಲ್ಲ ಅಂತೀರಾ? ಹೋಗೋದು ಕಷ್ಟ. ವರ್ಷಾನುಗಟ್ಟಲೆ ಬರೆದ ನೂರಾರು ಸ್ಕ್ರಿಪ್ಟ್‌ಗಳು ಆ ಒಂದೇ ಕಂಪನಿಯ ಆಜ್ಞೆಗಳಲ್ಲಿರುತ್ತವೆ, ಬೇರೆ ಕಡೆ ಓಡಲ್ಲ. ಬೇಲಿ ಇರೋದು ಲೈಸೆನ್ಸಿನಲ್ಲಿ ಅಂದುಕೊಂಡಿರ್ತೀವಿ, ಆದರೆ ಅದನ್ನು ನಮ್ಮ ಕೈಯಾರೆ ಸ್ಕ್ರಿಪ್ಟಿನಲ್ಲಿ ಕಟ್ಟಿರ್ತೀವಿ.

ಇದಕ್ಕೆ ಎದುರಾದ ದಾರಿಯೂ ಇದೆ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ತನ್ನ ಮುಕ್ತ ಲೈಸೆನ್ಸ್ ಕೈಬಿಟ್ಟಾಗ, ಅದನ್ನು ಬಳಸ್ತಿದ್ದ ಸಮುದಾಯ ಸುಮ್ಮನೆ ಕೂರಲಿಲ್ಲ. ಹಳೆಯ ಮುಕ್ತ ಆವೃತ್ತಿಯನ್ನೇ ಹಿಡಿದು ಓಪನ್‌ಟೋಫು ಕಟ್ಟಿತು. ಮರು ತಿಂಗಳೇ ಅದು ಲಿನಕ್ಸ್ ಫೌಂಡೇಶನ್ ಅಡಿ ಬಂತು. ಕೋಡ್ ಸಾರ್ವಜನಿಕವಾಗಿದ್ದರಿಂದ ಅದು ಸಾಧ್ಯವಾಯಿತು. ಭಾರತ ಸರ್ಕಾರವೂ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿದೆ. ಅದು ಕಾಗದದಿಂದ ಟೆಂಡರಿಗೆ ಎಷ್ಟು ಇಳಿದಿದೆ ಅನ್ನೋದನ್ನು ಆರ್‌ಟಿಐ ಹಾಕಿ ಕೇಳುವ ಕೆಲಸ ನಮ್ಮದು.

ಕೆಲಸಗಾರರ ವಿಷಯವನ್ನೂ ಬಿಡೋ ಹಾಗಿಲ್ಲ. ಭದ್ರಾವತಿಯ ವಿಐಎಸ್ಎಲ್ ನೋಡಿಕೊಂಡು ಬೆಳೆದವರಿಗೆ ಗುತ್ತಿಗೆ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಕುಲುಮೆ ಮುಂದೆ ವರ್ಷಗಟ್ಟಲೆ ನಿಂತವನ ಹೆಸರು ಕಾರ್ಖಾನೆಯ ಪಟ್ಟಿಯಲ್ಲಿ ಇರಲ್ಲ. ಸರ್ಕಾರಿ ಸರ್ವರ್ ಕಾಯೋ ಹುಡುಗರದ್ದೂ ಇದೇ ಪಾಡು. ಈ ವ್ಯವಸ್ಥೆಯ ಇನ್ನೊಂದು ತುದಿಯಲ್ಲಿರುವ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ಮುಷ್ಕರ ಕೂತಿದ್ದು ಯಾಕೆ? ಹತ್ತಾರು ಆಪ್‌ಗಳ ಹೊರೆ, ಆದರೆ ಸರಿಯಾದ ಮೊಬೈಲ್, ಲ್ಯಾಪ್‌ಟಾಪ್ ಇಲ್ಲ ಅಂತ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿಗೆ ಬಂದ ಆಶಾ ಕಾರ್ಯಕರ್ತೆಯರ ಬೇಡಿಕೆಯಲ್ಲೂ ಪೋರ್ಟಲ್ ಇತ್ತು. ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಅಂತ. ಮೇಲೆ ಮಷೀನ್ ಮಲಗಿದರೆ ಕೆಳಗೆ ಕೂಲಿ ಕಡಿತ.

ಕಾಯುವವರ ಕಾನೂನು

ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಆದರೆ ಒಂದು ತೂತು ನೋಡಿ: ದಿನ ಎಣಿಸೋಕೆ ಶುರುವಾಗೋದು ಅರ್ಜಿ ದಾಖಲಾಗಿ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಇಲ್ಲದಿದ್ದರೆ ಅರ್ಜಿಯೇ ದಾಖಲಾಗಲ್ಲ. ಅಂದರೆ ಅಪ್ಪನ ಮೂರು ಓಡಾಟ ಯಾವ ಲೆಕ್ಕದಲ್ಲೂ ಇಲ್ಲ. ಕಾನೂನಿನ ಕಣ್ಣಲ್ಲಿ ಅವರು ಆ ಕೇಂದ್ರಕ್ಕೆ ಬಂದೇ ಇಲ್ಲ!

ಹಾಗಾಗಿ ನಾವು ಕೇಳಬೇಕಾದ್ದು ಸ್ಪಷ್ಟ ಇರಲಿ. ಪ್ರತಿ ಸರ್ಕಾರಿ ಪೋರ್ಟಲ್ ಈ ತಿಂಗಳು ಎಷ್ಟು ಗಂಟೆ ನಿಂತಿತ್ತು, ಯಾಕೆ ನಿಂತಿತ್ತು ಅನ್ನೋದು ಎಲ್ಲರಿಗೂ ಕಾಣುವ ಪುಟದಲ್ಲಿರಲಿ. ಇದನ್ನು ದಾಖಲಿಸಲು ಹತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಸಾರ್ವಜನಿಕ ಹಣದಲ್ಲಿ ಬರೆದ ಸ್ಕ್ರಿಪ್ಟ್‌ಗಳು ಗುತ್ತಿಗೆ ಮುಗಿದಾಗ ಇಲಾಖೆಗೆ ಸೇರಬೇಕು ಅನ್ನೋದು ಟೆಂಡರಿನ ಷರತ್ತಾಗಲಿ. ಇದನ್ನು ನಡೆಸುವವರಿಗೆ ಕಾಯಂ ಹುದ್ದೆ ಇರಲಿ. ಪೋರ್ಟಲ್ ನಿಂತ ದಿನ ಕಾಗದದ ಅರ್ಜಿ ತೆಗೆದುಕೊಂಡು ಅವತ್ತಿನ ತಾರೀಖಿನ ಸೀಲು ಹಾಕಲಿ, ಸಕಾಲದ ಲೆಕ್ಕ ಅಲ್ಲಿಂದಲೇ ಶುರುವಾಗಲಿ, ಆ ವಾರದ ಕೊನೇ ದಿನಾಂಕಗಳು ತಾವಾಗೇ ಮುಂದಕ್ಕೆ ಹೋಗಲಿ.

ಇದರಲ್ಲಿ ಯಾವುದಕ್ಕೂ ರಾಕೆಟ್ ಹಾರಿಸುವ ತಂತ್ರಜ್ಞಾನ ಬೇಡ. ಬೆಂಗಳೂರಿನ ಸಾಧಾರಣ ಕಂಪನಿಯೂ ಇವುಗಳಲ್ಲಿ ಅರ್ಧವನ್ನು ದಿನಾ ಮಾಡುತ್ತೆ. ಯಾಕೆಂದರೆ ಅಲ್ಲಿ ಮಷೀನ್ ನಿಂತರೆ ಗ್ರಾಹಕ ಬೇರೆ ಕಡೆ ಹೋಗ್ತಾನೆ. ನಮ್ಮಪ್ಪನಿಗೆ ಬೇರೆ ಸರ್ಕಾರ, ಬೇರೆ ಪೋರ್ಟಲ್ ಇಲ್ಲ. ಅವರು ನಾಳೆಯೂ ಅಲ್ಲಿಗೇ ಬರ್ತಾರೆ ಅಂತ ಎಲ್ಲರಿಗೂ ಗೊತ್ತು.

ಇಸಿ ನಾಲ್ಕನೇ ಸಲ ಸಿಕ್ಕಿತು, ಸಾಲವೂ ನವೀಕರಣವಾಯಿತು. ಫೋನಿನಲ್ಲಿ ಅಪ್ಪ ಹೇಳಿದರು: “ಇವತ್ತು ಸರ್ವರ್ ಇತ್ತು ಮಾರಾಯ.” ಇವತ್ತು ಮಳೆ ಬಂತು ಅಂತ ಹೇಳುವ ದನಿಯಲ್ಲೇ. ಆ ದನಿ ನನಗೆ ಸಮಾಧಾನ ಕೊಡಲಿಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ. ಸರ್ವರ್ ಯಾರದೋ ಕೈಯಲ್ಲಿದೆ, ಆ ಯಾರೋ ನಮಗೆ ಉತ್ತರ ಕೊಡಬೇಕು.