ಹದಿನೈದು ವರ್ಷಗಳ ‘ಅತಿಥಿ’ಗಳು ಮತ್ತು ಆತಿಥ್ಯ ಮರೆತ ಸರಕಾರ

ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಮುಷ್ಕರದ ಮಾತೆತ್ತಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೇ ಎದುರಾಗುತ್ತದೆ: ವಿದ್ಯಾರ್ಥಿಗಳ ಗತಿಯೇನು? 2021ರ ಡಿಸೆಂಬರ್‌ನಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಈ ಪ್ರಶ್ನೆ ಕೇಳಿಬಂದಿತ್ತು. 2023ರ ನವೆಂಬರ್‌ನಲ್ಲಿ ಮತ್ತೆ ಬೀದಿಗಿಳಿದಾಗಲೂ ಕೇಳಿಬಂದಿತ್ತು. ಇನ್ನೊಮ್ಮೆ ಮುಷ್ಕರ ನಡೆದರೆ ಆಗಲೂ ಕೇಳಿಬರುವುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಸಹಜವಾದುದೇ. ಸರಕಾರಿ ಕಾಲೇಜಿಗೆ ಬರುವವರು ಬಹುತೇಕ ಬಡವರ ಮಕ್ಕಳು. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಕನಸು ಕಂಡವರು. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಹೆಣ್ಮಕ್ಕಳು. ಪಾಠ ನಿಂತರೆ ಅವರಿಗೆ ಖಾಸಗಿ ಟ್ಯೂಷನ್ ಎಂಬ ಬದಲಿ ದಾರಿಯೂ ಇಲ್ಲ. ಆದರೆ ಈ ಪ್ರಶ್ನೆಯನ್ನು ನಾವು ಯಾರಲ್ಲಿ ಕೇಳುತ್ತಿದ್ದೇವೆ? ತಿಂಗಳ ಸಂಬಳದ ಭರವಸೆಯೂ ಇಲ್ಲದೇ ಹತ್ತು-ಹದಿನೈದು ವರ್ಷಗಳಿಂದ ಇದೇ ಮಕ್ಕಳಿಗೆ ಪಾಠ ಮಾಡುತ್ತಾ ಬಂದವರಲ್ಲಿ. ಕೇಳಬೇಕಾದವರಲ್ಲಿ ಕೇಳುವುದನ್ನು ಮಾತ್ರ ಮರೆತಿದ್ದೇವೆ.

ಅಷ್ಟಕ್ಕೂ, ಒಂದು ಕಾಲೇಜಿನ ತರಗತಿ ಖಾಲಿಯಾಗುವುದು ಯಾವಾಗ? ಉಪನ್ಯಾಸಕ ಧರಣಿ ಕುಳಿತ ದಿನವೇ? ಅಲ್ಲ. ಮಂಜೂರಾದ ಹುದ್ದೆಯಲ್ಲಿದ್ದವರು ನಿವೃತ್ತರಾದಾಗ ಅದನ್ನು ಭರ್ತಿ ಮಾಡದೇ ಬಿಟ್ಟ ದಿನವೇ ಅದು ಖಾಲಿಯಾಗಿರುತ್ತದೆ. ಹೊಸ ಸೆಮಿಸ್ಟರ್ ಆರಂಭವಾದರೂ ಅತಿಥಿ ಉಪನ್ಯಾಸಕರ ಆಯ್ಕೆ ಪಟ್ಟಿ ಪ್ರಕಟವಾಗದೇ, ಕೌನ್ಸೆಲಿಂಗ್ ಮುಂದಕ್ಕೆ ಹೋಗಿ, ಮಕ್ಕಳು ಬೆಂಚಿನಲ್ಲಿ ಸುಮ್ಮನೆ ಕುಳಿತು ಮನೆಗೆ ಮರಳುವ ದಿನಗಳೂ ಪಾಠವಿಲ್ಲದ ದಿನಗಳೇ. ಆಗ ಯಾರೂ ವಿದ್ಯಾರ್ಥಿಗಳ ಗತಿಯೇನೆಂದು ಕೇಳುವುದಿಲ್ಲ. ಉಪನ್ಯಾಸಕ ಎದ್ದು ನಿಂತರೆ ಮುಷ್ಕರ, ಸರಕಾರ ಮಲಗಿದರೆ ಆಡಳಿತಾತ್ಮಕ ವಿಳಂಬ! ಇದೆಂಥ ನ್ಯಾಯ?

ನಡೆದು ಬಂದ ದಾರಿಯನ್ನೊಮ್ಮೆ ನೋಡೋಣ. 2021ರಲ್ಲಿ ರಾಜ್ಯದ ನಾನೂರಕ್ಕೂ ಅಧಿಕ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 14 ಸಾವಿರಕ್ಕಿಂತಲೂ ಅಧಿಕ ಅತಿಥಿ ಉಪನ್ಯಾಸಕರಿದ್ದರು. ಅವರಿಗೆ ಸಿಗುತ್ತಿದ್ದುದು ತಿಂಗಳಿಗೆ 11 ಸಾವಿರ ರೂಪಾಯಿ. ಎನ್‌ಇಟಿ, ಸ್ಲೆಟ್ ಅಥವಾ ಪಿಎಚ್‌ಡಿ ಇದ್ದವರಿಗೆ 13 ಸಾವಿರ. ಸ್ನಾತಕೋತ್ತರ ಪದವಿ ಪಡೆದು, ಸಂಶೋಧನಾ ಪ್ರಬಂಧ ಬರೆದು ಡಾಕ್ಟರೇಟ್ ಗಳಿಸಿದ ವ್ಯಕ್ತಿಗೆ ನಮ್ಮ ಸಮಾಜ ಕಟ್ಟಿದ ಬೆಲೆ ಇದು. ಆ ವರ್ಷದ ಡಿಸೆಂಬರ್‌ನಲ್ಲಿ ಅವರು ತರಗತಿಗಳಿಂದ ಹೊರಬಂದರು. ತಿಂಗಳು ಕಳೆದ ಬಳಿಕ, 2022ರ ಜನವರಿಯಲ್ಲಿ, ಆಗಿನ ಉನ್ನತ ಶಿಕ್ಷಣ ಸಚಿವ ಅಶ್ವತ್ಥನಾರಾಯಣರು ಗೌರವಧನ ಏರಿಕೆಯನ್ನು ಪ್ರಕಟಿಸಿದರು. ಯುಜಿಸಿ ಅರ್ಹತೆ ಮತ್ತು ಐದು ವರ್ಷಕ್ಕೂ ಮೀರಿದ ಸೇವೆ ಇದ್ದವರಿಗೆ 32 ಸಾವಿರ, ಐದು ವರ್ಷಕ್ಕಿಂತ ಕಡಿಮೆ ಸೇವೆಯವರಿಗೆ 30 ಸಾವಿರ. ಅರ್ಹತೆ ಇಲ್ಲದವರಿಗೆ ಇದೇ ಕ್ರಮದಲ್ಲಿ 28 ಮತ್ತು 26 ಸಾವಿರ. ಪತ್ರಿಕೆಗಳು ಇದನ್ನು ಸಂಕ್ರಾಂತಿಯ ಉಡುಗೊರೆಯೆಂಬಂತೆ ಬಣ್ಣಿಸಿದವು. ಉಡುಗೊರೆಯ ಒಳಗೇನಿತ್ತು? ವಾರಕ್ಕೆ ಎಂಟು-ಹತ್ತು ಗಂಟೆಯಿದ್ದ ಬೋಧನಾ ಅವಧಿಯನ್ನು ಹದಿನೈದು ಗಂಟೆಗೆ ಏರಿಸಲಾಗಿತ್ತು. ಪಾಠದ ಒಟ್ಟು ಗಂಟೆಗಳು ಹೆಚ್ಚದೇ ಒಬ್ಬೊಬ್ಬರ ಪಾಲಿನ ಗಂಟೆಗಳು ಹೆಚ್ಚಿದರೆ ಏನಾಗುತ್ತದೆ? ಲೆಕ್ಕ ಬಲ್ಲ ಮಗುವಿಗೂ ಗೊತ್ತು: ಒಂದಷ್ಟು ಮಂದಿ ಮನೆಗೆ ಹೋಗಬೇಕಾಗುತ್ತದೆ. ಅದುವೇ ಆಯಿತು. ಒಬ್ಬನ ಸಂಬಳ ಏರಿಸಲು ಪಕ್ಕದಲ್ಲಿ ಧರಣಿ ಕುಳಿತಿದ್ದವನ ಕೆಲಸವನ್ನೇ ಕಿತ್ತುಕೊಳ್ಳಲಾಯಿತು.

ಪಕ್ಷ ಬದಲಾಯಿತು, ಸರಕಾರ ಬದಲಾಯಿತು. 2023ರ ನವೆಂಬರ್‌ನಲ್ಲಿ ಸೇವಾ ಭದ್ರತೆಯ ಬೇಡಿಕೆಯೊಂದಿಗೆ ಅವರು ಮತ್ತೆ ಬೀದಿಗಿಳಿದರು. ಡಿಸೆಂಬರ್‌ನ ಕೊನೆಗೆ ಸರಕಾರ ಸೇವಾವಧಿಗನುಗುಣವಾಗಿ 5 ಸಾವಿರದಿಂದ 8 ಸಾವಿರ ರೂಪಾಯಿಯ ಏರಿಕೆ, 5 ಲಕ್ಷದ ಆರೋಗ್ಯ ವಿಮೆ, ಅರುವತ್ತು ವಯಸ್ಸು ತಲುಪಿದವರಿಗೆ 5 ಲಕ್ಷದ ಇಡುಗಂಟು, ತಿಂಗಳಿಗೊಂದು ವೇತನಸಹಿತ ರಜೆ, ಮಹಿಳೆಯರಿಗೆ ಮೂರು ತಿಂಗಳ ಹೆರಿಗೆ ರಜೆಯನ್ನು ಪ್ರಕಟಿಸಿತು. ಇವು ಸಣ್ಣ ವಿಷಯಗಳೆಂದು ನಾವು ಹೇಳುವುದಿಲ್ಲ. ಹೆರಿಗೆಗೆಂದು ರಜೆ ಹಾಕಿದರೆ ಕೆಲಸವೇ ಹೋದೀತೆಂಬ ಭಯದಲ್ಲಿ ತುಂಬು ಗರ್ಭಿಣಿ ತರಗತಿಯಲ್ಲಿ ನಿಂತು ಪಾಠ ಮಾಡಬೇಕಾದ ಸ್ಥಿತಿಗೆ ಹೋಲಿಸಿದರೆ ಮೂರು ತಿಂಗಳ ರಜೆ ದೊಡ್ಡದೇ. ಆದರೂ ಉಪನ್ಯಾಸಕರು ತೃಪ್ತರಾಗಲಿಲ್ಲ. 2024ರ ಹೊಸ ವರ್ಷದ ಮೊದಲ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿನತ್ತ ಪಾದಯಾತ್ರೆ ಹೊರಟರು. ಅವರನ್ನು ದುರಾಸೆಯವರೆಂದು ಕರೆದವರಿದ್ದಾರೆ. ನಿಜವಾಗಿ, ಅವರು ಕೇಳಿದ್ದು ಹಣಕ್ಕಿಂತ ಮೊದಲು ಭದ್ರತೆಯನ್ನು. ಮುಂದಿನ ವರ್ಷ ತಾನು ಈ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವನಿಗೆ ಅರುವತ್ತನೇ ವಯಸ್ಸಿನ ಇಡುಗಂಟಿನ ಆಸೆ ತೋರಿಸುವುದು ಸಮಾಧಾನವೋ, ಅಪಹಾಸ್ಯವೋ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡೂ ಬಾರಿ ನಡೆದದ್ದನ್ನು ಮಾಧ್ಯಮಗಳು ಮಾತುಕತೆ ಎಂದು ಕರೆದವು. ಮಾತುಕತೆಯ ಕೊನೆಯಲ್ಲಿ ಒಪ್ಪಂದವಿರಬೇಕು. ಒಪ್ಪಂದದಲ್ಲಿ ಎರಡೂ ಕಡೆಯ ಸಹಿ ಇರಬೇಕು. ಒಂದು ಕಡೆ ಮಾತು ತಪ್ಪಿದರೆ ಇನ್ನೊಂದು ಕಡೆ ಅದನ್ನು ಹಿಡಿದು ಕೇಳುವಂತಿರಬೇಕು. ಇಲ್ಲಿ ಇದಾವುದೂ ಇಲ್ಲ. ಸಚಿವರು ಪತ್ರಿಕಾಗೋಷ್ಠಿ ಕರೆಯುತ್ತಾರೆ, ಘೋಷಿಸುತ್ತಾರೆ. ಇಲಾಖೆ ಆದೇಶ ಹೊರಡಿಸುತ್ತದೆ. ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಹೆಸರನ್ನೇ ನೋಡಿ: ಅವರಿಗೆ ಸಿಗುವುದು ವೇತನವಲ್ಲ, ಗೌರವಧನ. ಅವರು ನೌಕರರಲ್ಲ, ಅತಿಥಿಗಳು. ನಮ್ಮ ನಾಡಿನಲ್ಲಿ ಅತಿಥಿಗೆ ಮೊದಲು ಊಟ ಬಡಿಸಿ ಆ ಬಳಿಕ ಮನೆಯವರು ಉಣ್ಣುವುದು ರೂಢಿ. ಈ ಅತಿಥಿಗಾದರೋ ಮನೆಯವರೆಲ್ಲ ಉಂಡೆದ್ದ ಬಳಿಕ ಉಳಿದದ್ದನ್ನು ಬಡಿಸಲಾಗುತ್ತದೆ. ಹದಿನೈದು ವರ್ಷ ಮನೆಗೆಲಸವೆಲ್ಲ ಮಾಡಿದವನನ್ನು ಇನ್ನೂ ಅತಿಥಿಯೆಂದೇ ಕರೆಯುವುದು ಗೌರವದಿಂದಲ್ಲ, ಮನೆಯಲ್ಲಿ ಅವನಿಗೆ ಪಾಲಿಲ್ಲ ಎಂದು ನೆನಪಿಸುವುದಕ್ಕಾಗಿ.

ಸರಕಾರ ಮುಂದಿಡುವ ವಾದಗಳು ಮುಖ್ಯವಾಗಿ ಮೂರು. ಒಂದು, ಕಾನೂನು ಬಿಡುವುದಿಲ್ಲ. 2006ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್‌ನ ಸಂವಿಧಾನ ಪೀಠವು ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಅಧಿಕಾರಿಗಳು ಬಾಯಿಪಾಠ ಮಾಡಿಕೊಂಡಿದ್ದಾರೆ. ತಾತ್ಕಾಲಿಕ ನೌಕರರಿಗೆ ಖಾಯಮಾತಿ ಎಂಬುದು ಹಕ್ಕಲ್ಲ ಎಂದು ಆ ತೀರ್ಪು ಹೇಳಿದ್ದು ಹೌದು. ಹಿತ್ತಿಲ ಬಾಗಿಲಿನ ನೇಮಕಾತಿಯಿಂದ ಅರ್ಹರಿಗೆ ಅನ್ಯಾಯವಾಗಬಾರದು ಎಂಬ ಅದರ ಕಾಳಜಿ ನ್ಯಾಯಬದ್ಧವಾದುದೇ. ಆದರೆ ಅದೇ ತೀರ್ಪು ಇನ್ನೆರಡು ಮಾತುಗಳನ್ನೂ ಹೇಳಿದೆ. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ನ್ಯಾಯಾಲಯದ ಆದೇಶದ ಆಸರೆಯಿಲ್ಲದೇ ಹತ್ತು ವರ್ಷ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಬೇಕು. ಉಳಿದ ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಬೇಕು. ತೀರ್ಪಿನ ಒಂದು ಪುಟವನ್ನು ಓದಿ ಇನ್ನೊಂದು ಪುಟವನ್ನು ಮಡಚಿಡುವುದು ಕಾನೂನು ಪಾಲನೆಯಲ್ಲ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟೇ ಇದನ್ನು ಎತ್ತಿ ಹೇಳಿದೆ: ದೀರ್ಘಕಾಲ ದುಡಿದವರ ನ್ಯಾಯಯುತ ಬೇಡಿಕೆಗಳನ್ನು ತಳ್ಳಿಹಾಕಲು ಉಮಾದೇವಿ ತೀರ್ಪನ್ನು ಆಯುಧವಾಗಿ ಬಳಸಲಾಗುತ್ತಿದೆ ಎಂದು ಅದು ಟೀಕಿಸಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ ಬಂದಾಗ, ಅವರಿಗೆ 30 ಸಾವಿರ ರೂಪಾಯಿ ಕೊಡುತ್ತಿರುವುದನ್ನು ಕಂಡು ನ್ಯಾಯಪೀಠ ಕಳವಳ ವ್ಯಕ್ತಪಡಿಸಿತು. ಅಧ್ಯಾಪಕರನ್ನು ಗೌರವದಿಂದ ನಡೆಸಿಕೊಳ್ಳದೇ ಸಮಾರಂಭಗಳಲ್ಲಿ ಗುರುವಿನ ಶ್ಲೋಕ ಹೇಳುತ್ತಾ ಹೋದರೆ ಸಾಲದು ಎಂಬ ಆಶಯದ ಮಾತುಗಳನ್ನಾಡಿ, ಕನಿಷ್ಠ ವೇತನ ಶ್ರೇಣಿ ನೀಡುವಂತೆ ಆದೇಶಿಸಿತು. ಈ ಮಾತು ಗುಜರಾತಿಗೆ ಮಾತ್ರ ಅನ್ವಯಿಸುವುದೇ?

ಎರಡನೆಯದು, ಅರ್ಹತೆಯ ವಾದ. ಅನೇಕರಿಗೆ ಯುಜಿಸಿ ನಿಗದಿಪಡಿಸಿದ ಅರ್ಹತೆ ಇಲ್ಲ ಎನ್ನಲಾಗುತ್ತದೆ. ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಗುಣಮಟ್ಟದ ವಿಷಯದಲ್ಲಿ ರಾಜಿ ಇರಬಾರದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಯುಜಿಸಿಯ 2018ರ ನಿಯಮಾವಳಿಯನ್ನು ಹಿಡಿದು ಮಾತಾಡುವವರು ಅದನ್ನು ಪೂರ್ತಿಯಾಗಿ ಓದಲಿ. ಗುತ್ತಿಗೆ ಅಧ್ಯಾಪಕರ ಸಂಖ್ಯೆ ಒಟ್ಟು ಬೋಧಕ ಹುದ್ದೆಗಳ ಶೇ. 10ನ್ನು ಮೀರಬಾರದು ಮತ್ತು ಅವರಿಗೆ ಕೊಡುವ ಮೊತ್ತ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಮಾಸಿಕ ವೇತನಕ್ಕಿಂತ ಕಡಿಮೆಯಿರಬಾರದು ಎಂದೂ ಅದೇ ನಿಯಮಾವಳಿ ಹೇಳಿದೆ. ಏಳನೇ ವೇತನ ಆಯೋಗದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನವೇ 57,700 ರೂಪಾಯಿ. ಇನ್ನು, ಅತಿಥಿ ಉಪನ್ಯಾಸಕರಿಗೆ ಪ್ರತಿ ಪಾಠಕ್ಕೆ 1,500ರಂತೆ ತಿಂಗಳಿಗೆ ಗರಿಷ್ಠ 50 ಸಾವಿರ ಕೊಡಬಹುದೆಂದು 2019ರಲ್ಲಿ ಯುಜಿಸಿ ಪ್ರತ್ಯೇಕವಾಗಿ ತಿಳಿಸಿತ್ತು. ಅರ್ಹತೆ ಕೇಳುವಾಗ ಯುಜಿಸಿ ಬೇಕು, ಸಂಬಳ ಕೊಡುವಾಗ ಯುಜಿಸಿ ಬೇಡ ಎಂದರೆ ಹೇಗೆ? ಅಂದಹಾಗೆ, ಕೇಂದ್ರವೂ ಇದರಲ್ಲಿ ನಿರ್ದೋಷಿಯೇನಲ್ಲ. 2025ರ ಜನವರಿಯಲ್ಲಿ ಪ್ರಕಟವಾದ ಯುಜಿಸಿ ಕರಡು ನಿಯಮಾವಳಿಯಲ್ಲಿ ಶೇ. 10ರ ಮಿತಿಯನ್ನೇ ಕೈಬಿಡಲಾಗಿತ್ತು. ಕಾಯಿಲೆ ವಾಸಿಯಾಗದಿದ್ದರೆ ಕಾಯಿಲೆಯ ವ್ಯಾಖ್ಯಾನವನ್ನೇ ಬದಲಿಸುವ ಚಿಕಿತ್ಸೆಯಿದು.

ಮೂರನೆಯದು, ಹಣವಿಲ್ಲ ಎಂಬ ವಾದ. ಖಜಾನೆಗೆ ಮಿತಿಯಿದೆ ಎಂಬುದು ನಿಜ. ಆದರೆ ಇದೇ ಕಾಲೇಜಿನಲ್ಲಿ ಖಾಯಂ ಪ್ರಾಧ್ಯಾಪಕರಿಗೆ ಹಣವಿದೆ, ಹೊಸ ಕಟ್ಟಡಕ್ಕೆ ಹಣವಿದೆ, ಉದ್ಘಾಟನೆಯ ಶಾಮಿಯಾನಕ್ಕೆ ಹಣವಿದೆ. ಹಣವಿಲ್ಲದಿರುವುದು ಅತ್ಯಂತ ಹೆಚ್ಚು ಪಾಠ ಮಾಡುವವರಿಗೆ ಮಾತ್ರ. ಹರಿಯಾಣದಲ್ಲಿ ಎಕ್ಸ್‌ಟೆನ್ಶನ್ ಉಪನ್ಯಾಸಕರಿಗೆ 2024ರ ಹೊತ್ತಿಗೆ 57,700 ರೂಪಾಯಿವರೆಗೆ ನೀಡಲಾಗುತ್ತಿತ್ತು. 2024ರಲ್ಲಿ ಅವರ ಸೇವಾ ಭದ್ರತೆಗಾಗಿ ಅಲ್ಲಿನ ವಿಧಾನಸಭೆ ಕಾನೂನನ್ನೇ ಮಾಡಿದೆ. ಪಶ್ಚಿಮ ಬಂಗಾಲವು 2020ರಿಂದ ಅತಿಥಿ ಮತ್ತು ಅರೆಕಾಲಿಕ ಅಧ್ಯಾಪಕರನ್ನು ಒಂದೇ ವರ್ಗಕ್ಕೆ ತಂದು ಅರುವತ್ತು ವಯಸ್ಸಿನವರೆಗೆ ಕೆಲಸದ ಭರವಸೆ ಕೊಟ್ಟಿದೆ. ಅಲ್ಲಿನ ವ್ಯವಸ್ಥೆ ಪರಿಪೂರ್ಣವೆಂದಲ್ಲ. ಆದರೆ ಅಲ್ಲಿ ಸಾಧ್ಯವಾದದ್ದು ಜ್ಞಾನದ ರಾಜಧಾನಿಯೆಂದು ಬೀಗುವ ಬೆಂಗಳೂರಿನಲ್ಲಿ ಯಾಕೆ ಅಸಾಧ್ಯ?

ಹಾಗಂತ, ಉಪನ್ಯಾಸಕರ ಬೇಡಿಕೆಗಳೆಲ್ಲವನ್ನೂ ಕಣ್ಣು ಮುಚ್ಚಿ ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಈಗಿರುವವರನ್ನೆಲ್ಲ ಸಾರಾಸಗಟಾಗಿ ಖಾಯಂಗೊಳಿಸಿದರೆ, ಎನ್‌ಇಟಿ ಪಾಸು ಮಾಡಿ ಅಧಿಸೂಚನೆಗಾಗಿ ಕಾಯುತ್ತಿರುವ ಯುವಕ-ಯುವತಿಯರು ಎಲ್ಲಿ ಹೋಗಬೇಕು? ಮೀಸಲಾತಿಯ ರೋಸ್ಟರ್ ಏನಾಗಬೇಕು? ಈ ಪ್ರಶ್ನೆಗಳಿಗೆ ಧರಣಿಯ ವೇದಿಕೆಯೂ ಉತ್ತರಿಸಬೇಕು. ಆದರೆ ಈ ಇಬ್ಬರನ್ನೂ ಪರಸ್ಪರ ಶತ್ರುಗಳನ್ನಾಗಿ ನಿಲ್ಲಿಸಿದವರು ಯಾರು? ವರ್ಷಗಟ್ಟಲೆ ನೇಮಕಾತಿ ಮಾಡದ ಸರಕಾರವೇ. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟಿತು. 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ, ತನಿಖೆ, ವಿಳಂಬ ಎಂದು ನೇಮಕಾತಿ ಕುಂಟುತ್ತಾ ಸಾಗಿತು. ಒಬ್ಬ ವಯಸ್ಸು ಮೀರಿ ನಿಂತಿದ್ದಾನೆ, ಇನ್ನೊಬ್ಬ ವಯಸ್ಸು ಮೀರುವ ಭಯದಲ್ಲಿದ್ದಾನೆ. ಇಬ್ಬರ ವಯಸ್ಸನ್ನೂ ತಿಂದದ್ದು ಒಂದೇ ಕಚೇರಿ.

ಇನ್ನು, ಖಾಯಂ ಪ್ರಾಧ್ಯಾಪಕರ ಮೌನ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಮೇಜಿನ ಸುತ್ತ ಕುಳಿತು ಚಹಾ ಕುಡಿಯುವವರು ತಮ್ಮ ಸಂಬಳದ ಮೂರನೇ ಒಂದು ಪಾಲೂ ಪಡೆಯದ ಸಹೋದ್ಯೋಗಿಯ ಪರವಾಗಿ ಒಂದು ದಿನ ತೋಳಿಗೆ ಕಪ್ಪುಪಟ್ಟಿ ಕಟ್ಟಿದರೂ ಸರಕಾರದ ನಿದ್ದೆ ಕೆಡುತ್ತಿತ್ತು. ಖಾಸಗಿ ಆಡಳಿತ ಮಂಡಳಿಗಳದ್ದೂ ಇದೇ ಕತೆ. ಮಠದ್ದಾಗಲಿ, ಚರ್ಚಿನದ್ದಾಗಲಿ, ಮುಸ್ಲಿಮ್ ಟ್ರಸ್ಟಿನದ್ದಾಗಲಿ, ಸರಕಾರವೇ ಕೊಡದಿರುವಾಗ ನಾವೇಕೆ ಕೊಡಬೇಕು ಎಂದು ಕೇಳುವ ಧೈರ್ಯವನ್ನು ಅವರಿಗೆ ಕೊಟ್ಟದ್ದು ಸರಕಾರದ ಈ ಜಿಪುಣತನವೇ. ಸೇವೆಯ ಹೆಸರಲ್ಲಿ ಕಾಲೇಜು ಕಟ್ಟಿದವರು, ಆ ಸೇವೆಯ ಭಾರವನ್ನೆಲ್ಲ ಉಪನ್ಯಾಸಕರ ಹೆಗಲಿಗೆ ಹೊರಿಸಿ ಪುಣ್ಯವನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಳ್ಳುವುದು ಸರಿಯೇ? ಈ ಪ್ರಶ್ನೆಯನ್ನು ನಾವು ನಮ್ಮಲ್ಲೂ ಕೇಳಿಕೊಳ್ಳಬೇಕಾಗಿದೆ.

ಹಾಗಾದರೆ ಪರಿಹಾರವೇನು? ಪ್ರತಿ ಕಾಲೇಜಿನ ಮಂಜೂರಾದ ಮತ್ತು ಖಾಲಿಯಿರುವ ಹುದ್ದೆಗಳ ಪಟ್ಟಿಯನ್ನು ಸರಕಾರ ಬಹಿರಂಗಗೊಳಿಸಲಿ. ವರ್ಷಕ್ಕೆ ಇಂತಿಷ್ಟೆಂದು ನೇಮಕಾತಿಯ ವೇಳಾಪಟ್ಟಿ ಪ್ರಕಟಿಸಿ ಅದರಂತೆ ನಡೆಯಲಿ. ಆ ನೇಮಕಾತಿಯಲ್ಲಿ ಅತಿಥಿ ಉಪನ್ಯಾಸಕರ ಸೇವಾವಧಿಗೆ ಕೃಪಾಂಕವನ್ನೂ ವಯೋಮಿತಿಯಲ್ಲಿ ಸಡಿಲಿಕೆಯನ್ನೂ ನೀಡಲಿ. ಅರ್ಹತೆ ಇಲ್ಲದ ಹಿರಿಯರಿಗೆ ಅದನ್ನು ಗಳಿಸಲು ಕಾಲಾವಕಾಶ ಕೊಡಲಿ. ನೇಮಕಾತಿ ಮುಗಿಯುವವರೆಗೆ ಈಗಿರುವವರಿಗೆ ಕನಿಷ್ಠ ವೇತನ ಶ್ರೇಣಿ ಮತ್ತು ಹನ್ನೆರಡು ತಿಂಗಳ ಕೆಲಸ ಸಿಗಲಿ. ಮತ್ತು ಇವೆಲ್ಲವೂ ಪತ್ರಿಕಾಗೋಷ್ಠಿಯ ಘೋಷಣೆಯಾಗದೇ, ಎರಡೂ ಕಡೆಯ ಸಹಿಯಿರುವ ಲಿಖಿತ ಒಪ್ಪಂದವಾಗಲಿ.

ಮುಷ್ಕರ ಯಾರಿಗೂ ಹಿತವಲ್ಲ. ಸಂಬಳವಿಲ್ಲದ ದಿನಗಳನ್ನು ಚಳಿಯಲ್ಲಿ, ರಸ್ತೆ ಬದಿಯಲ್ಲಿ ಕಳೆಯುವ ಉಪನ್ಯಾಸಕನಿಗಂತೂ ಅಲ್ಲವೇ ಅಲ್ಲ. ಆದರೆ ಮುಷ್ಕರದ ಹೊರತು ಇನ್ನಾವ ಭಾಷೆಯೂ ತನಗೆ ಕೇಳಿಸುವುದಿಲ್ಲ ಎಂಬುದನ್ನು ಸರಕಾರವೇ ಎರಡೆರಡು ಬಾರಿ ಸಾಬೀತುಪಡಿಸಿದೆ. ಮನವಿ ಕೊಟ್ಟಾಗ ಏರದ ಗೌರವಧನ ಧರಣಿ ಕುಳಿತಾಗ ಏರಿದೆ. ಈ ಪಾಠವನ್ನು ಅವರಿಗೆ ಕಲಿಸಿದವರು, ಅವರು ಅದನ್ನು ಚೆನ್ನಾಗಿ ಕಲಿತರೆಂದು ದೂರುವಂತಿಲ್ಲ. ಮುಂದಿನ ಬಾರಿ ಅವರು ತರಗತಿಯಿಂದ ಹೊರಬಂದರೆ, ವಿದ್ಯಾರ್ಥಿಗಳ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಖಂಡಿತ ಕೇಳೋಣ. ಆದರೆ ಧರಣಿಯ ಚಪ್ಪರದಲ್ಲಿ ನಿಂತಲ್ಲ, ವಿಧಾನಸೌಧದ ಬಾಗಿಲಲ್ಲಿ ನಿಂತು.